ನಮ್ಮ ಮನೆಯ ಚಿಕ್ಕೋಡಿ ರೋಡ

ಅರುವತ್ತು ದಾಟಿದವನು, ಅದರಲ್ಲಿಯೂ ಸಂಸ್ಕೃತ ಪಾಠಶಾಲೆಯಲ್ಲಿ ಅಮರಕೋಶವನ್ನು ಉರುಹೊಡೆದು ಬೆಳೆದು, ಮೂವತ್ತು ವರ್ಷಕ್ಕೂ ಮಿಕ್ಕಿ ಹುಡುಗರಿಗೆ ಶಬ್ದರೂಪಗಳನ್ನು ಹೇಳಿಕೊಟ್ಟು ನಿವೃತ್ತನಾದವನು, ಮುಂಜಾನೆಯ ಚಹ ಮುಗಿದೊಡನೆ ಅಟ್ಟವನ್ನೇರಿ ಮೊಳದುದ್ದದ ಉಗಿಬಂಡಿಯನ್ನು ಓಡಿಸುತ್ತ ಕುಳಿತುಕೊಳ್ಳುವನೆಂದರೆ ವಾಚಕರು ನಗುವದು ಸಹಜವೇ ಸರಿ. ನಗಲಿ. ನಮ್ಮ ಮನೆಯಲ್ಲಿಯೂ ಈ ನಗೆಗೆ ಕೊರತೆಯಿಲ್ಲ. "ಅಲ್ಲರೀ, ಸಾಲಿ ಬಿಟ್ಟಮ್ಯಾಲೆ ಹಿರ್ಯಾರು ಕಾಶಿಗಿ ಹೋಗ್ತಾರ, ನೀವು ದಿನಾ ಅಟ್ಟಾ ಹತ್ತಿ ಘಟಪ್ರಭಾಕ್ಕ ಹೋಗಿ ಬರ್ತೀರಿ" ಎಂದು ನನ್ನ ಗೃಹಿಣಿಯು ಬಂದವರೆದುರಿಗೆಲ್ಲ ಹೇಳುತ್ತಿರುವಳು. ನಾನು ಮಾತ್ರ ಶಾಸ್ತ್ರಾಧಾರವಿಲ್ಲದೆ ಈ ಕೆಲಸಕ್ಕೆ ಕೈಯಿಕ್ಕಿದವನಲ್ಲ. ವಾತ್ಸ್ಯಾಯನನು ಎಣಿಸಿದ ಅರುವತ್ತುನಾಲ್ಕು ಕಲೆಗಳಲ್ಲಿ ಮರಗೆಲಸವುಂಟು, ಯಂತ್ರರಚನೆಯುಂಟು, ಮಕ್ಕಳ ಆಟಿಗೆಗಳನ್ನು ಮಾಡುವದೂ ಉಂಟು. ಶೂದ್ರಕನ ನಾಟಕದಲ್ಲಿ ಬಾಲಕ ರೋಹಸೇನನು ಮಣ್ಣಿನ ಬಂಡಿ ಬೇಡವೆಂದು, ಚಿನ್ನದ ಬಂಡಿಯೇ ಬೇಕೆಂದು ಅತ್ತನು. ಆ ಅಳುವಿನಿಂದಲೇ ಇಡಿಯ ನಾಟಕಕ್ಕೆ ಹೆಸರಾಯಿತು. ಹೀಗಿರಲು ತಗಡಿನ ಬಂಡಿಯೊಂದನ್ನು ಹಾಸ್ಯ ಮಾಡುವದೇತಕ್ಕೆ?

ನಮ್ಮ ಸೀಮೆಯ ರೈಲುದಾರಿಯಲ್ಲಿ ಒಂದು ವಿನೋದವುಂಟು. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡ ಇವೆಲ್ಲ ಹೆಸರುವಾಸಿಯಾದ ಊರುಗಳು. ಆದರೆ ಒಂದಕ್ಕೂ ರೈಲು ಊರಬಾಗಿಲಿಗೆ ಬರುವದಿಲ್ಲ. ಮಿರಜದಿಂದ ಹೊರಟ ಗಾಡಿ ಶೇಡಬಾಳ, ಉಗಾರ ಖುರ್ದಗಳನ್ನು ದಾಟಿ, ಕೃಷ್ಣೆಯನ್ನು ದಾಟಿ, ಕುಡಚಿ, ಚಿಂಚಲಿ, ರಾಯಬಾಗಗಳ ಮೇಲಿಂದ ಘಟಪ್ರಭೆಯತ್ತ ಸಾಗುವದು. ಅಥಣಿಯವರು ಶೇಡಬಾಳಕ್ಕೋ ಕುಡಚಿಗೋ ಬರಬೇಕು. ನಿಪ್ಪಾಣಿಯ ತಂಬಾಕಿನ ವ್ಯಾಪಾರಿಯು ಕೊಲ್ಹಾಪುರಕ್ಕಾದರೂ ಹೋಗಬೇಕು, ಇಲ್ಲವೆ ಚಿಕ್ಕೋಡಿಯನ್ನು ಹಾಯ್ದು ಈಚೆಗೆ ಬರಬೇಕು. ಚಿಕ್ಕೋಡಿಯವರಿಗಾದರೋ ರೈಲಿನವರು ಒಂದು ಹೆಸರನ್ನು ಮಾತ್ರ ದಾನ ಮಾಡಿರುವರು: ಚಿಕ್ಕೋಡಿ ರೋಡ. ಈ 'ರೋಡ' ಎಂಬ ಪ್ರತ್ಯಯದ ಅರ್ಥವನ್ನು ನಾನು ಹುಡುಗನಾಗಿದ್ದಾಗ ಬಹಳ ಯೋಚಿಸಿದ್ದೆನು. "ಇದು ಚಿಕ್ಕೋಡಿಯಲ್ಲ, ಚಿಕ್ಕೋಡಿಯ ದಾರಿ, ಇಲ್ಲಿ ಇಳಿಯಿರಿ, ಮುಂದಿನದು ನಿಮ್ಮ ಕಾಲು, ನಿಮ್ಮ ಭಾಗ್ಯ" ಎಂದು ಅದರ ತಾತ್ಪರ್ಯ. ಗೋಕಾಕ ರೋಡಿಗೂ ಇದೇ ವ್ಯುತ್ಪತ್ತಿ.

ಈ ದಾರಿಯನ್ನು ಹಾಸಿದವರು ಸದರ್ನ್ ಮರಾಠಾ ರೈಲ್ವೆ ಕಂಪನಿಯವರು, 1880ರ ದಶಕದಲ್ಲಿ. 1908ರಲ್ಲಿ ಅದು ಮದ್ರಾಸಿನ ಕಂಪನಿಯೊಂದಿಗೆ ಕೂಡಿ ಎಂ. ಎಂಡ್ ಎಸ್. ಎಂ. ಆಯಿತು, ಮುಂದೆ ಸರಕಾರದ ರೈಲ್ವೆಯಲ್ಲಿ ಸೇರಿತು, 2003ರಿಂದ ಹುಬ್ಬಳ್ಳಿಯ ನೈಋತ್ಯ ರೈಲ್ವೆಯ ಆಡಳಿತಕ್ಕೆ ಬಂದಿತು. ಒಡೆಯರು ಬದಲಾದರೂ ಹಳಿಯ ಅಳತೆ ಮಾತ್ರ ನೂರು ವರ್ಷ ಒಂದೇ ಇದ್ದಿತು: ಹಳಿಯಿಂದ ಹಳಿಗೆ ಒಂದು ಮೀಟರ. ಮಿರಜದಾಚೆ ಪುಣೆಯ ದಾರಿ 1971ರಲ್ಲಿ ಅಗಲವಾಯಿತು. ಆಗಿನಿಂದ ಕೆಲವು ದಶಕ ಮಿರಜದಲ್ಲಿ ಅಗಲ ಹಳಿ, ಮೀಟರ ಹಳಿ, ಪಂಢರಪುರದ ಕಡೆಗೆ ಹೋಗುವ ಎರಡೂವರೆ ಅಡಿಯ ಕಿರುಹಳಿ, ಹೀಗೆ ಮೂರೂ ಬಗೆಯ ಗಾಡಿಗಳು ಬಂದು ನಿಲ್ಲುತ್ತಿದ್ದವು. ನಮ್ಮ ಬದಿಯ ಮೀಟರ ಹಳಿಯು 1990ರ ದಶಕದಲ್ಲಿ ಕಿತ್ತುಹೋಗಿ 1676 ಮಿಲ್ಲಿಮೀಟರಿನ ಅಗಲ ಹಳಿ ಬಂದಿತು. ಒಳ್ಳೆಯದೇ ಆಯಿತು, ದೂರದ ಗಾಡಿಗಳು ಇಳಿದು ಹತ್ತುವ ಕಷ್ಟವಿಲ್ಲದೆ ಓಡುತ್ತಿವೆ. ಆದರೂ ನಾನು ಹತ್ತಿ ಹೋದ ಗಾಡಿಯು ಲೋಕದಲ್ಲಿ ಎಲ್ಲಿಯೂ ಇಲ್ಲವಾಯಿತು ಎಂಬದನ್ನು ಹೇಳದಿರಲಾರೆ.

ಈ ಹವ್ಯಾಸವು ನನಗೆ ಅಂಟಿದ್ದು ಪುಣೆಯಲ್ಲಿ. ಅಲ್ಲಿಯ ಕೋಥರೂಡದಲ್ಲಿ ಭಾವೂಸಾಹೇಬ ಜೋಶಿಯವರು ಜೀವಮಾನವೆಲ್ಲ ಕೂಡಿಸಿ ಕಟ್ಟಿದ ಚಿಕ್ಕ ರೈಲ್ವೆಗಳ ಸಂಗ್ರಹಾಲಯವೊಂದಿದೆ. 1998ರಲ್ಲಿ ಜನರಿಗೆ ತೆರೆದದ್ದು. ನನ್ನ ಹಳೆಯ ಶಿಷ್ಯನೊಬ್ಬನು, ಈಗ ಪುಣೆಯಲ್ಲಿ ಎಂಜಿನಿಯರನಾಗಿರುವವನು, ನಿವೃತ್ತಿಯ ವರ್ಷ ನನ್ನನ್ನು ಅಲ್ಲಿಗೆ ಕರೆದೊಯ್ದನು. ಒಂದು ಕೋಣೆಯಷ್ಟು ಜಾಗದಲ್ಲಿ ಊರು, ಗುಡ್ಡ, ಸೇತುವೆ, ಸಿಗ್ನಲ್ಲು! ಗಾಡಿಗಳು ಒಂದನ್ನೊಂದು ಕಾಯ್ದು, ದಾರಿಬಿಟ್ಟು ಹೋಗುತ್ತಿದ್ದವು. ಮಕ್ಕಳು ಕೂಗಾಡುತ್ತಿದ್ದರು, ನಾನು ಮುದುಕನು ಬಾಯಿಬಿಟ್ಟುಕೊಂಡು ನಿಂತಿದ್ದೆನು. ಶಿಷ್ಯನು ಅದನ್ನು ಗಮನಿಸಿರಬೇಕು. ಮರುವರ್ಷದ ಗುರುಪೂರ್ಣಿಮೆಗೆ ಶಾಲು ಹೊದಿಸುವದನ್ನು ಬಿಟ್ಟು ಒಂದು ಪುಟ್ಟ ಇಂಜಿನ, ಕೆಲವು ಮಾರು ಹಳಿ, ವಿದ್ಯುತ್ತನ್ನು ಹನ್ನೆರಡು ವೋಲ್ಟಿಗೆ ಇಳಿಸುವ ಒಂದು ಪೆಟ್ಟಿಗೆ ಇಷ್ಟನ್ನು ತಂದು ನನ್ನ ಮುಂದಿಟ್ಟನು.

ಈ ಆಟಿಗೆಗಳ ಅಳತೆಯ ಇತಿಹಾಸವು ಪಾಠಶಾಲೆಯವನಿಗೆ ರುಚಿಸತಕ್ಕದ್ದು. ಜರ್ಮನಿಯ ಮೇರ್ಕ್ಲಿನ್ ಎಂಬ ಆಟಿಗೆಯವರು 1891ರಲ್ಲಿ ತಮ್ಮ ಹಳಿಗಳಿಗೆ ಅಂಕೆಗಳಿಂದ ಹೆಸರಿಟ್ಟರು. ಒಂದನೆಯ ಅಳತೆಗಿಂತಲೂ ಚಿಕ್ಕದು ಬಂದಾಗ ಅದಕ್ಕೆ ಸೊನ್ನೆಯೆಂದರು; ಸೊನ್ನೆಯನ್ನು ಓದುವವರು 'ಓ' ಎಂದು ಓದಿದರು. ಅದರ ಅರ್ಧದಷ್ಟು ಬಂದಾಗ 'ಅರ್ಧ ಓ', ಎಂದರೆ ಎಚ್. ಓ. ಆಯಿತು, ನಿಜವಸ್ತುವಿನ ಎಂಬತ್ತೇಳನೆಯ ಒಂದು ಭಾಗ. ಇಂದು ಜಗತ್ತಿನಲ್ಲಿ ಬಹುಜನರು ಆಡುವದು ಇದನ್ನೇ. ಶೂನ್ಯವನ್ನು ಅರ್ಧ ಮಾಡಿದರೂ ಶೂನ್ಯವೇ ಉಳಿಯುವದೆಂದು ಲೀಲಾವತಿಯಲ್ಲಿ ಓದಿದ ನನಗೆ, ಆ ಅರ್ಧ ಶೂನ್ಯದಿಂದ ಗಾಡಿಯೊಂದು ಸಿಳ್ಳು ಹಾಕುತ್ತ ಹೊರಬಂದದ್ದು ಪರಮಾಶ್ಚರ್ಯವೆನಿಸಿತು.

ನಾನಾದರೋ ಎಂಬತ್ತೇಳನ್ನು ಒಪ್ಪಲಿಲ್ಲ. ನೂರಕ್ಕೆ ಒಂದು ಎಂಬ ಪ್ರಮಾಣವನ್ನು ಹಿಡಿದೆನು. ಕಾರಣವಿಷ್ಟೆ: ಹಳಿಗಳ ನಡುವಿನ ಮೀಟರು ಸರಿಯಾಗಿ ಒಂದು ಸೆಂಟಿಮೀಟರ ಆಗುವದು, ಮುಂದಿನ ತ್ರೈರಾಶಿಕವನ್ನು ಹುಡುಗನೂ ಬಾಯಲ್ಲೇ ಮಾಡಬಲ್ಲನು. ಇಪ್ಪತ್ತು ಮೀಟರಿನ ಡಬ್ಬಿ ಇಪ್ಪತ್ತು ಸೆಂಟಿಮೀಟರ. ಐದಡಿ ಏಳಂಗುಲದ ಮನುಷ್ಯ ಹದಿನೇಳು ಮಿಲ್ಲಿಮೀಟರ. ಗಂಟೆಗೆ 36 ಕಿಲೋಮೀಟರಿನಂತೆ ಓಡುವ ಗಾಡಿ ಸೆಕೆಂಡಿಗೆ ಹತ್ತು ಮೀಟರ ಹೋಗುವದು. ನಮ್ಮಲ್ಲಿ ಹತ್ತು ಸೆಂಟಿಮೀಟರ. ತೂಕದ ಲೆಕ್ಕ ಮಾತ್ರ ಬೇರೆ. ಉದ್ದ, ಅಗಲ, ಎತ್ತರ ಮೂರೂ ನೂರರಿಂದ ಭಾಗವಾಗುವದರಿಂದ ತೂಕವು ಹತ್ತು ಲಕ್ಷದಿಂದ ಭಾಗವಾಗುವದು. ನಿಜವಾದ ಇಂಜಿನನ್ನು ನೂರು ಟನ್ನೆಂದು ಹಿಡಿದರೆ ಮಾದರಿಯು ನೂರೇ ಗ್ರಾಂ. ಅರ್ಧ ಪಾವು ತೊಗರಿಬೇಳೆಯಷ್ಟೂ ಆಗದು! ಆದ್ದರಿಂದಲೇ ಗಾಲಿಗಳು ಜಾರಿ ನಿಂತಲ್ಲೇ ತಿರುಗುವವು. ಅದರ ಹೊಟ್ಟೆಯಲ್ಲಿ ಸೀಸದ ತುಂಡನ್ನು ಇಟ್ಟು ಗಾಂಭೀರ್ಯ ತರಬೇಕು. ಇಲ್ಲಿ ಒಂದು ಕಳ್ಳತನವನ್ನು ಒಪ್ಪಿಕೊಳ್ಳಬೇಕು. ಶಿಷ್ಯನು ತಂದ ಹಳಿಯು ಒಂಬತ್ತು ಮಿಲ್ಲಿಮೀಟರಿನದು. ಒಂದು ಮಿಲ್ಲಿಮೀಟರು ಕಡಿಮೆ. ಅದನ್ನು ನೋಡಿಯೂ ನೋಡದಂತೆ ಇದ್ದುಬಿಟ್ಟಿದ್ದೇನೆ.

ಉಳಿದ ಸಾಮಗ್ರಿಯೆಲ್ಲ ಮನೆಯದೇ. ಡಬ್ಬಿಗಳಾದದ್ದು ದಪ್ಪ ಕಾಗದದ ಲಗ್ನಪತ್ರಿಕೆಗಳಿಂದ. ಈಗಿನ ಲಗ್ನಪತ್ರಿಕೆಗಳಿಂದ ಆಗುವ ಉಪಯೋಗ ಇದೊಂದೇ ಇರಬಹುದು. ಕಬ್ಬಿನ ವ್ಯಾಗನ್ನುಗಳಿಗೆ ಕಸಬರಿಗೆಯ ಕಡ್ಡಿಗಳನ್ನು ಕತ್ತರಿಸಿ ಹೇರಿದ್ದೇವೆ. ಹಳಿಯ ಅಡಿಯ ಖಡಿಯನ್ನು ಮನೆಯ ಹಿಂದಿನ ಕಲ್ಲುಪುಡಿಯನ್ನು ಸಾಣಿಗೆಯಿಂದ ಸೋಸಿ ಮಾಡಿದೆವು. ಆ ಸಾಣಿಗೆಯ ಪ್ರಕರಣವನ್ನು ಇಲ್ಲಿ ವಿಸ್ತರಿಸುವದಿಲ್ಲ. 'ಮಾಡಿದೆವು' ಎನ್ನಲು ಕಾರಣ, ಮಗಳ ಮಗನು ನಮ್ಮಲ್ಲಿಯೇ ಇದ್ದು ಶಾಲೆ ಕಲಿಯುವನು, ವಯಸ್ಸು ಹನ್ನೊಂದು. ತಂತಿಯ ಕೆಲಸವೆಲ್ಲ ಅವನದು.

ಗಾಡಿಯನ್ನು ಸುಮ್ಮನೆ ಸುತ್ತು ಹಾಕಿಸುವದು ಮೂರು ದಿನದ ಸಂಭ್ರಮ. ನಾಲ್ಕನೆಯ ದಿನಕ್ಕೆ ಬೇಸರ ಬರುವದು. ನಿಜವಾದ ರಸವಿರುವದು ಅದನ್ನು ರೈಲ್ವೆಯಂತೆ ನಡೆಸುವದರಲ್ಲಿ. ನಮ್ಮ ಹಲಗೆಯ ಮುಂಬದಿಗೆ ಚಿಕ್ಕೋಡಿ ರೋಡ. ಹಿಂಬದಿಗೆ ಇನ್ನೊಂದು ಸ್ಟೇಶನ. ಅದು ಮಿರಜದ ಕಡೆಯಿಂದ ನೋಡಿದರೆ ರಾಯಬಾಗ, ಬೆಳಗಾವಿಯ ಕಡೆಯಿಂದ ನೋಡಿದರೆ ಘಟಪ್ರಭಾ. ಒಂದೇ ಫಲಕದ ಎರಡು ಮೈಗೆ ಎರಡು ಹೆಸರು ಬರೆದಿದ್ದೇವೆ. ನಡುವಿನ ಊರುಗಳವರು ಕ್ಷಮಿಸಬೇಕು. ನಮ್ಮ ಪ್ರಮಾಣದಲ್ಲಿ ಒಂದು ಕಿಲೋಮೀಟರಿಗೆ ಹತ್ತು ಮೀಟರ ಹಳಿ ಬೇಕು, ಅಟ್ಟವೋ ಹನ್ನೆರಡು ಅಡಿ. ನಡುವೆ ಒಂಟಿ ಹಳಿ, ಎರಡು ಗಾಡಿ. ಒಂದು ಗಾಡಿ ಸ್ಟೇಶನ್ನಿನ ಪಕ್ಕದ ಹಳಿಯಲ್ಲಿ ಸರಿದು ನಿಂತು ಎದುರಿನದಕ್ಕೆ ದಾರಿ ಕೊಡಬೇಕು. ಇದಕ್ಕಾಗಿ ಹಳಿಗಳನ್ನು ಅಲ್ಲಲ್ಲಿ ಕತ್ತರಿಸಿ, ಒಂದೊಂದು ಭಾಗಕ್ಕೆ ಒಂದೊಂದು ಗುಂಡಿಯಿಂದ ವಿದ್ಯುತ್ತನ್ನು ಬಿಡುವಂತೆ ಮೊಮ್ಮಗನು ತಂತಿ ಎಳೆದಿದ್ದಾನೆ.

ಒಂಟಿ ಹಳಿಯ ಮೇಲೆ ಎರಡು ಗಾಡಿ ಎದುರುಬದುರಾಗದಂತೆ ಹಿಂದಿನವರು ಮಾಡಿದ ಉಪಾಯವು ಬಹು ಸೊಗಸಾದದ್ದು. ಎರಡು ಸ್ಟೇಶನಗಳಲ್ಲಿ ತಂತಿಯಿಂದ ಬೆಸೆದ ಎರಡು ಯಂತ್ರ. ಅವುಗಳ ಒಡಲಲ್ಲಿ ಲೋಹದ ಗುಂಡುಗಳು. ಎರಡೂ ಯಂತ್ರಗಳಿಂದ ಕೂಡಿ ಒಂದು ಕಾಲಕ್ಕೆ ಒಂದೇ ಗುಂಡು ಹೊರಬೀಳುವದು. ಅದನ್ನು ತೊಗಲಿನ ಚೀಲದಲ್ಲಿಟ್ಟು, ಬೆತ್ತದ ಬಳೆಗೆ ಸಿಕ್ಕಿಸಿ ಡ್ರೈವರನ ಕೈಗೆ ಕೊಡುವರು. ಗುಂಡು ಕೈಯಲ್ಲಿಲ್ಲದೆ ಅವನು ಗಾಡಿ ಬಿಡತಕ್ಕದ್ದಲ್ಲ. ಮುಂದಿನ ಸ್ಟೇಶನ್ನಿನ ಯಂತ್ರದಲ್ಲಿ ಆ ಗುಂಡು ಬೀಳುವ ತನಕ ಇನ್ನೊಂದು ಹೊರಬರುವದಿಲ್ಲ. ನಾವು ಇದಕ್ಕೆ ಗೋಲಿಗುಂಡು ಬಳಸುವೆವು: ಹಸಿರು ಗೋಲಿ ರಾಯಬಾಗದ ದಾರಿಗೆ, ಕೆಂಪು ಗೋಲಿ ಘಟಪ್ರಭೆಯ ದಾರಿಗೆ. ಓಣಿಯ ಹುಡುಗರಿಬ್ಬರು ಸ್ಟೇಶನ ಮಾಸ್ತರರು. ಶಾಲೆಯಲ್ಲಿ ಮೂವತ್ತು ವರ್ಷ ಶಿಸ್ತನ್ನು ಬೋಧಿಸಿ ನಾನು ಸಾಧಿಸದ್ದನ್ನು ಈ ಗೋಲಿಯು ಒಂದು ವಾರದಲ್ಲಿ ಸಾಧಿಸಿತು. ಒಮ್ಮೆ ನಾನೇ ಅವಸರದಿಂದ ಗೋಲಿಯಿಲ್ಲದೆ ಗಾಡಿ ಬಿಡಹೋದಾಗ, "ಮಾಸ್ತರ, ಗುಂಡ ಎಲ್ಲೈತ್ರಿ?" ಎಂದು ಎರಡನೆಯ ಇಯತ್ತೆಯ ಪೋರನು ನನ್ನ ಕೈಯನ್ನು ಹಿಡಿದನು.

ಇಷ್ಟೆಲ್ಲ ಊರುಗಳಿರಲು ಚಿಕ್ಕೋಡಿ ರೋಡನ್ನೇ ಏಕೆ ಕಟ್ಟಿದೆನೆಂಬದನ್ನು ಈಗ ಹೇಳಬೇಕು.

1970ರ ಜೂನ್ ತಿಂಗಳಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ನಾನು ಧಾರವಾಡದ ಕಡೆಯ ಪಾಠಶಾಲೆಯೊಂದಕ್ಕೆ ಹೋಗಲೆಂದು ಆ ಸ್ಟೇಶನ್ನಿನಲ್ಲಿ ಗಾಡಿ ಹತ್ತಿದೆನು. ನಮ್ಮ ತಂದೆಯವರು ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಮಿತಭಾಷಿಗಳು, ಮಕ್ಕಳನ್ನು ಎತ್ತಿ ಆಡಿಸಿದವರಲ್ಲ. ಹಳ್ಳಿಯಿಂದ ಚಕ್ಕಡಿ ಹೂಡಿಕೊಂಡು ಬಂದಿದ್ದೆವು. ಜೊತೆಗೆ ಹೊರಟಿದ್ದ ದೂರದ ಬಂಧುವೊಬ್ಬರ ವಶಕ್ಕೆ ನನ್ನನ್ನು ಒಪ್ಪಿಸಿ, ಇಂಜಿನ್ನಿನಿಂದ ಮೂರನೆಯ ಡಬ್ಬಿಯಲ್ಲಿ ಕೂಡ್ರಿಸಿ, ಕಿಡಕಿಯೊಳಗಿಂದ ಬುತ್ತಿಯ ಗಂಟನ್ನು ಕೊಟ್ಟು ಅವರು ಒಂದೇ ಮಾತು ಹೇಳಿದರು: "ಶಾಣ್ಯಾ ಆಗು." ಹೇಳಿ, ಹೊರಳಿ ನಡೆದುಬಿಟ್ಟರು. ಎದುರಿನ ಗಾಡಿ ಬಂದಿರಲಿಲ್ಲ. ನಮ್ಮ ಗಾಡಿಗೆ ಇನ್ನೂ ಗುಂಡು ಸಿಕ್ಕಿರಲಿಲ್ಲ. ಉಳಿದ ಹುಡುಗರ ತಂದೆತಾಯಿಗಳು ಕಿಡಕಿಯ ಸರಳು ಹಿಡಿದು ನಿಂತೇ ಇದ್ದರು. ನಾನು ಗಂಟಿನಲ್ಲಿ ಮುಖವಿಟ್ಟು ಅತ್ತೆನು. ಬಹಳ ಹೊತ್ತಿನ ಮೇಲೆ ಸಿಳ್ಳಾಗಿ ಗಾಡಿ ಅಲುಗಿದಾಗ ತಲೆ ಎತ್ತಿದರೆ, ದೊಡ್ಡ ಹುಣಸೆಯ ಮರದ ಕೆಳಗೆ ಅವರು ನಿಂತಿದ್ದು ಕಂಡಿತು. ಕೈ ಎತ್ತಲಿಲ್ಲ. ಕಪ್ಪು ಟೊಪ್ಪಿಗೆ, ಕಂಕುಳಲ್ಲಿ ಛತ್ರಿ. ಅಷ್ಟರಲ್ಲಿ ಹೊಗೆ ಬಂದು ಮುಚ್ಚಿತು.

ಸಂಜೆಯೊಳಗೆ ನಿಪ್ಪಾಣಿಗೆ ಮುಟ್ಟಿ ವಖಾರಿಯ ಲೆಕ್ಕ ನೋಡಬೇಕಾಗಿದ್ದರಿಂದ ಅವಸರದಿಂದ ಹೊರಟಿದ್ದರೆಂದೂ, ಚಕ್ಕಡಿಗೆ ಹೋಗುವ ದಾರಿಯಲ್ಲಿ ಬಿಸಿಲಿಗೆ ಮರದಡಿಯಲ್ಲಿ ಕ್ಷಣಕಾಲ ನಿಂತಾಗ ನಮ್ಮ ಗಾಡಿ ಹೊರಟಿತೆಂದೂ ನಾನು ತಿಳಿದಿದ್ದೆನು. ಗಾಡಿ ಬಿಡುವ ತನಕ ನಿಲ್ಲಲಿಲ್ಲವಲ್ಲ ಎಂಬ ಮುಳ್ಳೊಂದು ಒಳಗೆ ಮುರಿದು ಉಳಿಯಿತು. ಅವರು 1988ರಲ್ಲಿ ತೀರಿಕೊಂಡರು. ಆ ಮಾತನ್ನು ನಾನು ಎತ್ತಲಿಲ್ಲ. ಅವರಂತೂ ಎತ್ತುವವರೇ ಅಲ್ಲ.

ಮಾದರಿಯಲ್ಲಿ ಹುಣಸೆಯ ಮರವನ್ನು ನಾನು ಮೊದಲು ನೆಟ್ಟದ್ದು ಪ್ಲಾಟಫಾರ್ಮಿನ ಮಿರಜದ ತುದಿಯಲ್ಲಿ, ಚಕ್ಕಡಿಗಳು ನಿಲ್ಲುವ ಅಂಗಳದ ಪಕ್ಕಕ್ಕೆ. ನನ್ನ ನೆನಪು ಹಾಗೆಯೇ ಇದ್ದಿತು. ಹಳೆಯ ಕಾಲದ ಪಾಯಿಂಟ್ಸಮನ್ನರೊಬ್ಬರು ರಾಯಬಾಗದ ಕಡೆ ಮಗನ ಮನೆಯಲ್ಲಿರುವರು, ಎಂಬತ್ತು ದಾಟಿದವರು. ನಮ್ಮ ಕೆಲಸವನ್ನು ಪರೀಕ್ಷಿಸಲೆಂದು ಅವರನ್ನು ಕರೆತಂದು ಅಟ್ಟದ ಮೇಲೆ ಕುರ್ಚಿ ಹಾಕಿ ಕೂಡ್ರಿಸಿದೆವು. ಅವರು ಸಿಗ್ನಲ್ಲುಗಳನ್ನು ಮೆಚ್ಚಿದರು, ಪಾಯಿಂಟ್ಸುಗಳಿಗೆ ತಲೆದೂಗಿದರು. ಮರವನ್ನು ನೋಡಿ ಮಾತ್ರ ಹುಬ್ಬು ಗಂಟಿಕ್ಕಿದರು. "ಮಾಸ್ತರ, ಹುಣಸೀಗಿಡ ಇಲ್ಲಿ ಎಲ್ಲೀದರಿ? ಅದು ಬೆಳಗಾವಿ ಕಡೀಗೆ, ಇಂಜಿನ್ನ ನಿಂದ್ರೂದಕ್ಕೂ ಮುಂದ. ಸಿಗ್ನಲ್ಲ ದೀಪಾ ಹಚ್ಚಾಕ ಹೋಗೂವಾಗ ಅದರ ಬುಡಕ್ಕ ಕುಂತ ನಾ ಎಷ್ಟ ಬೀಡಿ ಸೇದೇನಿ!" ಎಂದರು. ನಾನು ಒಪ್ಪಲಿಲ್ಲ. ಅವರು ಬಿಡಲಿಲ್ಲ. ಮರುವಾರ ಬಸ್ಸಿನಲ್ಲಿ ಚಿಕ್ಕೋಡಿ ರೋಡಿಗೇ ಹೋದೆನು. ಹಳೆಯ ಪ್ಲಾಟಫಾರ್ಮು ಇಲ್ಲ, ಮರವೂ ಇಲ್ಲ. ಆದರೆ ಅಲ್ಲಿಯ ಹೊಲದ ಮುದುಕಿಯೊಬ್ಬಳು ಮರದ ಜಾಗವನ್ನು ತೋರಿಸಿದಳು. ಪಾಯಿಂಟ್ಸಮನ್ನರು ಹೇಳಿದ್ದೇ ನಿಜ. ಅಂಟಿಸಿ ಒಣಗಿದ್ದ ಮರವನ್ನು ಕಿತ್ತು, ಗುಣುಗುಟ್ಟುತ್ತ, ಬೆಳಗಾವಿಯ ತುದಿಯಲ್ಲಿ ನೆಟ್ಟೆನು. ಎರಡು ದಿನದ ಕೆಲಸ ಹಾಳಾಯಿತೆಂಬದೊಂದೇ ಆಗಿನ ನನ್ನ ಚಿಂತೆ.

ಅನಂತರ ಮನುಷ್ಯರನ್ನು ಇಡುವ ಕೆಲಸ ಉಳಿದಿತ್ತು. ಮೊಮ್ಮಗನು ಮೇಣದಿಂದ ಹದಿನೇಳು ಮಿಲ್ಲಿಮೀಟರಿನ ಆಳುಗಳನ್ನು ಮಾಡಿದ್ದನು: ಹಮಾಲರು, ಸ್ಟೇಶನ ಮಾಸ್ತರ, ಚಹದವನು. ಕಪ್ಪು ಟೊಪ್ಪಿಗೆಯ ಒಂದನ್ನು ಹಿಡಿದು, ಎಲ್ಲಿಡಲಿ ಎಂದು ಕೇಳಿದನು. ಹುಣಸೆಯ ಮರದ ಕೆಳಗೆ ಎಂದೆನು, ಎಲ್ಲವನ್ನೂ ಹೇಳಿದೆನು. ಅವನು ಗಾಡಿಯನ್ನು ತಂದು ನಿಲ್ಲಿಸಿ, ಮೂರನೆಯ ಡಬ್ಬಿಯ ಮುಂದೆ ಆ ಆಳನ್ನು ಹಿಡಿದು, ಅಂಗಳದಲ್ಲಿದ್ದ ಚಕ್ಕಡಿಯನ್ನೊಮ್ಮೆ, ಮರವನ್ನೊಮ್ಮೆ ನೋಡಿದನು.

"ಅಜ್ಜಾ, ಚಕ್ಕಡಿ ಈ ಕಡೆ ಐತಿ. ಮನೀಗೆ ಹೋಗಾವ್ರು ಆ ಕಡೆ ಯಾಕ ಹೋದ್ರು?"

ನಾನು ಉತ್ತರ ಕೊಡಲಿಲ್ಲ. ಮರದ ಆಚೆಗೆ ದಾರಿಯಿಲ್ಲ, ಬಾವಿಯಿಲ್ಲ, ಊರಿಲ್ಲ. ಸಿಗ್ನಲ್ಲಿನ ಕಂಬ, ಬರಿಯ ಹೊಲ. ಚಕ್ಕಡಿಗೆ ಹೋಗುವವನಿಗೆ ಅಲ್ಲಿ ಕೆಲಸವೇನು? ಮೂರನೆಯ ಡಬ್ಬಿಯಿಂದ ಮರಕ್ಕೆ ಹಲಗೆಯ ಮೇಲೆ ಅಳೆದು ನೋಡಿದೆನು, ತೊಂಬತ್ತು ಸೆಂಟಿಮೀಟರ. ತೊಂಬತ್ತು ಮೀಟರ ದೂರ, ಜನರನ್ನೂ ಹೊರೆಗಳನ್ನೂ ದಾಟಿ, ಇಂಜಿನ್ನಿನ ಬಿಸಿಯನ್ನು ದಾಟಿ, ಅವರು ಮುಂದೆ ಹೋಗಿ ನಿಂತಿದ್ದರು. ಹೊರಡುವ ಗಾಡಿಯ ಪ್ರತಿಯೊಂದು ಕಿಡಕಿಯೂ ಆ ಮರದ ಮುಂದಿನಿಂದಲೇ ಹಾಯ್ದು ಹೋಗಬೇಕು. ವಖಾರಿಗೆ ಅಂದು ಅವರು ಎಷ್ಟು ಹೊತ್ತಿಗೆ ಮುಟ್ಟಿದರೋ! ಕಿಡಕಿಯ ಸರಳು ಹಿಡಿದು ಎಲ್ಲರ ಮುಂದೆ ನಿಲ್ಲುವದು ಅವರಿಂದಾಗುತ್ತಿರಲಿಲ್ಲ. ಗಂಟಿನಲ್ಲಿ ಮುಖವಿಟ್ಟವನಿಗೆ ಅವರು ಹೊರಳಿದ ದಿಕ್ಕು ಯಾವದೆಂಬದೇ ಕಂಡಿರಲಿಲ್ಲ.

"ಅಜ್ಜಾ, ಇಡ್ಲ್ಯೋ ಬ್ಯಾಡೋ?" ಎಂದು ಹುಡುಗನು ಕೇಳಿದನು.

ಇಡು ಎಂದೆನು. ಹುಣಸೆಯ ಬುಡಕ್ಕೆ ತುಸು ಅಂಟು ಹಚ್ಚಿ ಅವನು ಆ ಆಳನ್ನು ನಿಲ್ಲಿಸಿದನು. ಹಳಿಗೆ ಬೆನ್ನಾಗಿತ್ತು, ತಿರುಗಿಸೆಂದೆನು, ತಿರುಗಿಸಿದನು. ಕೆಂಪು ಗೋಲಿಯನ್ನು ಪೆಟ್ಟಿಗೆಯಿಂದ ತೆಗೆದು ನನ್ನ ಕೈಗೆ ಕೊಟ್ಟು ಬಾಯಿಂದಲೇ ಸಿಳ್ಳು ಹಾಕಿದನು. ಗುಂಡಿಯನ್ನು ತಿರುವಿದೆನು, ಇಂಜಿನ ಅಲುಗಿತು. ಒಂದನೆಯ ಡಬ್ಬಿ ಮರವನ್ನು ದಾಟಿತು, ಎರಡನೆಯದು ದಾಟಿತು. ಹೀಗೇ ಹೋದರೆ ಮೂರನೆಯದು ಎರಡೇ ಸೆಕೆಂಡಿನಲ್ಲಿ ದಾಟಿಹೋಗುವದೆಂದು ಲೆಕ್ಕ ಬಂದು ಕೈಯನ್ನು ಹಿಂದಕ್ಕೆ ತಿರುವಿದೆನು.

"ಭಾಳ ಸಾವಕಾಶ ಆತಲ್ಲ, ಅಜ್ಜಾ" ಎಂದನು ಹುಡುಗ.

"ಆಗಲಿ. ಎದುರಿನ ಗಾಡಿ ಇನ್ನಾ ಬಂದಿಲ್ಲ" ಎಂದೆನು.